ಬಾಲಿ ಪ್ರವಾಸ: ಕುಡಿಯುವ ನೀರಿನ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಬರುವ ತಿಂಗಳು ಎಪ್ಪತ್ತು ದಾಟಿದ ಅಮ್ಮ ಮತ್ತು ಮೂರು ವರ್ಷದ ಮಗಳೊಂದಿಗೆ ಇಂಡೊನೇಷ್ಯಾದ ಬಾಲಿಗೆ ಹೊರಟಿದ್ದು, ಉಬುದ್‌ನ ಬಾಡಿಗೆ ಮನೆಯೊಂದರಲ್ಲಿ ಎಂಟು ದಿನ ಇರುತ್ತೇವೆ. ಅಲ್ಲಿನ ನಲ್ಲಿ ನೀರನ್ನು ಹಾಗೆಯೇ ಕುಡಿಯಬಾರದು, ಮನೆಗಳಲ್ಲಿ 'ಗಾಲೋನ್' ಎನ್ನುವ 19 ಲೀಟರಿನ ಕ್ಯಾನ್ ನೀರಿನ ಬಳಕೆಯೇ ಹೆಚ್ಚು ಎಂಬುದು ಗೊತ್ತಿದೆ. ಆದರೆ ಕ್ಯಾನಿನ ಸೀಲ್ ಭದ್ರವಾಗಿದ್ದರೂ, ಅದನ್ನು ಬೋರಲು ಹಾಕುವ ಡಿಸ್ಪೆನ್ಸರ್‌ನ ಪುಟ್ಟ ನಲ್ಲಿಯೊಳಗೆ ಲೋಳೆ ಕಟ್ಟಿದ್ದರೆ ಏನು ಪ್ರಯೋಜನ ಎಂಬ ಅನುಮಾನ ನನ್ನನ್ನು ಕಾಡುತ್ತಿದೆ. ಒಂದು ನಿಮಿಷ ಚೆನ್ನಾಗಿ ಮರಳಿಸಿದರೆ ರೋಗಾಣುಗಳು ಸಾಯುತ್ತವೆಯಾದ್ದರಿಂದ ಮಗಳ ಹಾಲಿಗೆಂದು ಕೆಟಲ್ ಒಯ್ಯುತ್ತಿದ್ದೇನೆ.

ಹಿಂದೊಮ್ಮೆ ಬೇರೊಂದು ದ್ವೀಪದಲ್ಲಿ ಬಾಟಲಿ ನೀರನ್ನಷ್ಟೇ ಕುಡಿದು ಜಾಗ್ರತೆ ವಹಿಸಿದ್ದ ನಾನು, ಹಣ್ಣಿನ ರಸಕ್ಕೆ ಹಾಕಿದ್ದ ಐಸನ್ನು ಮರೆತು, ಎರಡು ದಿನ ಓಆರ್‌ಎಸ್ ಕುಡಿಯುತ್ತಾ ಮಲಗಿದ್ದೆ. ಆದ್ದರಿಂದ ಕೇಳುತ್ತಿದ್ದೇನೆ: ನಡುವೆ ತೂತಿರುವ, ಕಾರ್ಖಾನೆಯಲ್ಲಿ ತಯಾರಾದ ಐಸನ್ನು ವಾರುಂಗ್ ಎನ್ನುವ ಅಲ್ಲಿನ ಸಣ್ಣ ಊಟದ ಅಂಗಡಿಗಳಲ್ಲೂ ನಂಬಬಹುದೇ? ಅಮ್ಮನ ಹಲ್ಲಿನ ಸೆಟ್ ತೊಳೆಯಲೂ ಕ್ಯಾನ್ ನೀರನ್ನೇ ಬಳಸಬೇಕೇ? ಟಿಡಿಎಸ್ ಮೀಟರ್ ಒಯ್ಯಿರಿ ಎಂದು ಮಾತ್ರ ದಯವಿಟ್ಟು ಹೇಳಬೇಡಿ. ಅದು ಕರಗಿದ ಲವಣಗಳನ್ನು ತೋರಿಸುತ್ತದೆಯೇ ಹೊರತು ರೋಗಾಣುಗಳನ್ನಲ್ಲ. ಚಿಕ್ಕ ಮಕ್ಕಳೊಂದಿಗೆ ಅಲ್ಲಿ ಉಳಿದು ಬಂದವರು ತಾವು ಮಾಡಿದ ವ್ಯವಸ್ಥೆಯನ್ನು ತಿಳಿಸಿದರೆ ಉಪಕಾರವಾಗುತ್ತದೆ.