ಓದುಗರ ಸ್ಪಂದನ: ಮಕ್ಕಳ ಕೈಗೆ ಯಾವ ಪುಸ್ತಕ ಕೊಡಲಿ?

ಕಳೆದ ಸಂಚಿಕೆಯಲ್ಲಿ ದಾವಣಗೆರೆಯ ತಾಯಿಯೊಬ್ಬರು ತಮ್ಮ ಚಿಂತೆ ಬರೆದುಕೊಂಡಿದ್ದರು. ಮಗಳಿಗೆ ಹನ್ನೊಂದು, ಮಗನಿಗೆ ಎಂಟು. ಇಬ್ಬರೂ ಸಿಕ್ಕಿದ್ದನ್ನೆಲ್ಲ ಓದುವವರು. ಕ್ರೈಸ್ತ ಕಥೆಗಳನ್ನೂ ಚರಿತ್ರೆಯನ್ನೂ ಓದಿಸಬೇಕೆಂಬ ಆಸೆ, ಆದರೆ ಸಿಗುವ ಪುಸ್ತಕಗಳಲ್ಲಿ ಕೆಲವು ಬರೀ ಉಪದೇಶ, ಕೆಲವು ಬರೀ ರಕ್ತ. ಹುತಾತ್ಮರ ಕಥೆ ಓದಿದ ಮಗ ರಾತ್ರಿ ದೀಪ ಆರಿಸಲು ಬಿಡುತ್ತಿಲ್ಲ. ‘ನಂಬಿ ಕೊಡಬಹುದಾದ ಪುಸ್ತಕವನ್ನು ಗುರುತಿಸುವುದು ಹೇಗೆ?’ ಎಂದು ಅವರು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದು ಉದ್ದವಾಗಿದೆ. ಕತ್ತರಿಸಲು ನಮಗೆ ಮನಸ್ಸಾಗಲಿಲ್ಲ.

ಪ್ರಿಯ ಸಹೋದರಿ,

ಆರದ ದೀಪದ ಮಾತು ಓದಿ ನನ್ನ ಹಳೆಯ ಗಾಯವೊಂದು ಮತ್ತೆ ಬಾಯಿಬಿಟ್ಟಿತು. ಅದರ ಕಥೆ ಇಲ್ಲಿ ಬೇಡ. ಹೆದರಿದ ಮಗು ಪುಸ್ತಕವನ್ನು ಮಾತ್ರವಲ್ಲ, ದೇವಾಲಯವನ್ನೂ ದೂರವಿಡುತ್ತದೆ ಎಂಬುದನ್ನು ಬಲ್ಲವಳಾಗಿ ಬರೆಯುತ್ತಿದ್ದೇನೆ.

ಕೊಳ್ಳುವ ಮೊದಲು ಪುಸ್ತಕವನ್ನು ಮೂರು ಕಡೆ ತೆರೆಯಿರಿ. ಮೊದಲು ಶೀರ್ಷಿಕೆ ಪುಟದ ಹಿಂಬದಿ. ಮುದ್ರಣದ ವರ್ಷ, ಪ್ರಕಾಶಕರು, ಮೂಲ ಭಾಷೆ, ಅನುವಾದಕರ ಹೆಸರು ಅಲ್ಲಿರಬೇಕು. ಅನುವಾದಕರ ಹೆಸರೇ ಇಲ್ಲದ ಪುಸ್ತಕದಲ್ಲಿ ‘ಅವನಿಂದ ಹೇಳಲ್ಪಟ್ಟಿತು’ ಎಂಬಂಥ ವಾಕ್ಯಗಳು ತುಂಬಿರುವುದೇ ಹೆಚ್ಚು. ಎಂಟರ ಮಗು ಅಂಥ ಕನ್ನಡವನ್ನು ಎರಡು ಪುಟಕ್ಕಿಂತ ಹೆಚ್ಚು ತಾಳಿಕೊಳ್ಳುವುದಿಲ್ಲ. ಕಥೋಲಿಕ ಪುಸ್ತಕವಾದರೆ ಧರ್ಮಾಧ್ಯಕ್ಷರ ಅನುಮತಿಯ ಸಾಲನ್ನೂ ಅಲ್ಲೇ ಹುಡುಕಿ. ಬೋಧನೆಯಲ್ಲಿ ತಪ್ಪಿಲ್ಲ ಎಂದಷ್ಟೇ ಅದು ಹೇಳುತ್ತದೆ. ಕಥೆ ಚೆನ್ನಾಗಿದೆ ಎಂಬುದಕ್ಕೆ ಅದು ಖಾತರಿಯಲ್ಲ.

ಎರಡನೆಯದು ಎಲ್ಲರಿಗೂ ಗೊತ್ತಿರುವ ಕಥೆಯ ಪುಟ. ಬಾಲಯೇಸುವನ್ನು ನೋಡಲು ಬಂದ ಜೋಯಿಸರು ಮೂವರೆಂದು ಮತ್ತಾಯನ ಸುವಾರ್ತೆ ಹೇಳುವುದಿಲ್ಲ, ರಾಜರೆಂದೂ ಹೇಳುವುದಿಲ್ಲ. ಕಾಣಿಕೆ ಮೂರು ಇದ್ದುದರಿಂದ ಮುಂದಿನವರು ಜನರನ್ನೂ ಮೂವರಾಗಿಸಿದರು. ಏದೆನ್ ತೋಟದ ಹಣ್ಣು ಸೇಬು ಎಂದು ಆದಿಕಾಂಡದಲ್ಲಿಲ್ಲ. ಯೋನನನ್ನು ನುಂಗಿದ್ದು ದೊಡ್ಡ ಮೀನು, ತಿಮಿಂಗಿಲವೆಂದು ಯೋನನ ಗ್ರಂಥದಲ್ಲಿಲ್ಲ. ದಮಸ್ಕದ ದಾರಿಯಲ್ಲಿ ಸೌಲನು (ಮುಂದೆ ಪೌಲನಾದವನು) ಕುದುರೆಯಿಂದ ಬಿದ್ದನೆಂದು ಚಿತ್ರ ಬರೆಯುತ್ತಾರೆ, ಆದರೆ ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿ ಕುದುರೆಯ ಸುಳಿವಿಲ್ಲ. ಚಿತ್ರದಲ್ಲೊಂದು ಕುದುರೆ ಇದ್ದ ಮಾತ್ರಕ್ಕೆ ಪುಸ್ತಕ ಕೆಟ್ಟದ್ದಾಗುವುದಿಲ್ಲ. ಆದರೆ ನಾಲ್ಕೂ ಕಡೆ ಎಡವಿದವರು ಮೂಲವನ್ನು ತೆರೆದು ನೋಡದೆ ಬರೆದಿದ್ದಾರೆ ಎಂದೇ ಲೆಕ್ಕ.

ಮೂರನೆಯದು ಅತ್ಯಂತ ಕ್ರೂರ ಪುಟ. ಅದನ್ನು ಹುಡುಕಿಯೇ ಓದಿ. ಸ್ತೆಫನನ ಸಾವನ್ನು ತೆಗೆದುಕೊಳ್ಳಿ. ಅಪೊಸ್ತಲರ ಕೃತ್ಯಗಳು 7ರಲ್ಲಿ ಕಲ್ಲೆಸೆತ ಎರಡು ಮೂರು ಸಾಲಿನಲ್ಲಿ ಮುಗಿಯುತ್ತದೆ. ಓದಿದವರ ಮನಸ್ಸಿನಲ್ಲಿ ನಿಲ್ಲುವುದು ಕೊಲ್ಲುವವರಿಗಾಗಿ ಅವನು ಮಾಡಿದ ಪ್ರಾರ್ಥನೆ. ಮಕ್ಕಳ ಪುಸ್ತಕದಲ್ಲಿ ಕಲ್ಲಿಗೆ ಎರಡು ಪುಟ, ಕ್ಷಮೆಗೆ ಒಂದು ಸಾಲು ಸಿಕ್ಕಿದ್ದರೆ ಅದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ನಿಮ್ಮ ಮಗನ ಕೈಗೆ ಸಿಕ್ಕಿದ್ದು ಅಂಥದ್ದೇ ಇರಬೇಕು.

ಎಂಟರ ವಯಸ್ಸಿಗೆ ಯೋಸೇಫ ಮತ್ತವನ ಅಣ್ಣಂದಿರು, ರೂತಳು, ಸಿಂಹದ ಗವಿಯಲ್ಲಿ ದಾನಿಯೇಲ, ಮರ ಹತ್ತಿದ ಜಕ್ಕಾಯ, ಒಳ್ಳೆಯ ಸಮಾರ್ಯದವನು ಸಾಕಷ್ಟಾಯಿತು. ಹೆರೋದನು ಕೂಸುಗಳನ್ನು ಕೊಲ್ಲಿಸಿದ್ದು, ಸ್ನಾನಿಕ ಯೋಹಾನನ ಶಿರಚ್ಛೇದ, ತಂದೆಯ ಹರಕೆಗೆ ಬಲಿಯಾದ ಯೆಪ್ತಾಹನ ಮಗಳು, ಇವು ಹನ್ನೊಂದು ಹನ್ನೆರಡಕ್ಕೆ, ಅದೂ ನಿಮ್ಮ ಪಕ್ಕದಲ್ಲಿ ಕೂತು. ಶಿಲುಬೆಯ ಕಥೆಯನ್ನು ಬಿಡಲಾಗದು, ಬಿಡಲೂಬಾರದು. ಆದರೆ ಯೇಸು ಸಾಯುವ ಶುಕ್ರವಾರದ ಪುಟದಲ್ಲಿ ಪುಸ್ತಕ ಮುಚ್ಚಬೇಡಿ. ಅದೇ ಕೂತಲ್ಲಿ, ಯೇಸು ಮತ್ತೆ ಎದ್ದುಬರುವ ಭಾನುವಾರದ ಬೆಳಗಿನವರೆಗೂ ಓದಿ. ಮಲಗುವ ಹೊತ್ತಿಗಂತೂ ಅರ್ಧಕ್ಕೆ ನಿಲ್ಲಿಸಲೇಬೇಡಿ.

ಭಾಷೆ ಭಾರವೋ ಹಗುರವೋ ನೋಡಲು ನಡುವಿನ ಒಂದು ಪುಟವನ್ನು ಮಗುವಿನಿಂದಲೇ ಗಟ್ಟಿಯಾಗಿ ಓದಿಸಿ. ಅರ್ಥವಾಗದ ಪದಕ್ಕೊಂದು ಬೆರಳು ಮಡಚಲಿ. ಐದೂ ಮಡಚಿದರೆ ಆ ಪುಸ್ತಕವನ್ನು ನೀವು ಓದಿ ಹೇಳಬೇಕು, ಮಗು ಒಂಟಿಯಾಗಿ ಓದುವುದಕ್ಕಲ್ಲ. ಅಕ್ಷರವನ್ನೂ ಗಮನಿಸಿ. ಸಾಲುಗಳ ನಡುವೆ ಜಾಗ ಸಾಲದೆ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತಿದ್ದರೆ ಮಗು ತಡವರಿಸುತ್ತದೆ. ಮಗು ಮಂಕು ಎಂದು ನಾವು ತಪ್ಪು ತಿಳಿಯುತ್ತೇವೆ.

— ನಿವೃತ್ತ ಶಿಕ್ಷಕಿ, ಚಿತ್ರದುರ್ಗ

ಮುಂದಿನ ಪತ್ರ ನಾಲ್ಕೇ ಸಾಲು. ಮಾತು ಬಿರುಸಾಗಿದ್ದರೂ ಹೊಳಹು ಅದೇ.

ಅಮ್ಮನವರೇ, ಆ ಹುತಾತ್ಮರ ಪುಸ್ತಕವನ್ನು ಮಗನಿಗೆ ಕೊಡುವ ಮುನ್ನ ನೀವು ಓದಿದ್ದಿರಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. 96 ಪುಟದ ಮಕ್ಕಳ ಪುಸ್ತಕ ಓದಲು ಒಂದು ಸಂಜೆ ಸಾಕು. ಮೊದಲು ಅದನ್ನು ಮಾಡಿ, ಆಮೇಲೆ ಊರವರನ್ನು ಕೇಳಿ.

— ಓದುಗ, ಹರಿಹರ

ಕೆಳಗಿನವರು ಉತ್ತರಿಸಿರುವುದು ಬೇರೆಯೇ ಪ್ರಶ್ನೆಗೆ. ಆದರೂ ಹಲವು ಮನೆಗಳಿಗೆ ಉಪಯುಕ್ತವೆಂದು ಪ್ರಕಟಿಸಿದ್ದೇವೆ.

ಸಹೋದರಿಯವರೇ, ಮಕ್ಕಳ ಬೈಬಲ್ ಯಾವ ಸಭೆಯದ್ದು ಎಂದು ಮೊದಲೇ ತಿಳಿದುಕೊಳ್ಳಿ. ಕಥೋಲಿಕರ ಬೈಬಲಿನಲ್ಲಿ 73 ಗ್ರಂಥಗಳು, ಪ್ರೊಟೆಸ್ಟೆಂಟರದ್ದರಲ್ಲಿ 66. ರಫಾಯೇಲ ದೂತನ ಜೊತೆ ಹುಡುಗನೊಬ್ಬ ಪ್ರಯಾಣ ಹೊರಡುವ, ಜೊತೆಗೊಂದು ನಾಯಿಯೂ ಹಿಂಬಾಲಿಸುವ ತೊಬೀತನ ಕಥೆ ಮೊದಲನೆಯದರಲ್ಲಿದೆ, ಎರಡನೆಯದರಲ್ಲಿಲ್ಲ. ದಶಾಜ್ಞೆಗಳನ್ನು ಎಣಿಸುವ ಕ್ರಮವೂ ಬೇರೆ. ತಂದೆತಾಯಿಯನ್ನು ಗೌರವಿಸೆಂಬ ಆಜ್ಞೆ ಕಥೋಲಿಕರಿಗೆ ನಾಲ್ಕನೆಯದು, ಹೆಚ್ಚಿನ ಪ್ರೊಟೆಸ್ಟೆಂಟರಿಗೆ ಐದನೆಯದು. ಸಂಡೇ ಸ್ಕೂಲಿನ ರಸಪ್ರಶ್ನೆಯಲ್ಲಿ ಸರಿಯುತ್ತರ ಹೇಳಿಯೂ ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ. ಪ್ರೊಟೆಸ್ಟೆಂಟರ ಯೋಹಾನ ಮತ್ತು ಕಥೋಲಿಕರ ಯೊವಾನ್ನ ಒಬ್ಬರೇ ಎಂದೂ ಹೇಳಿಕೊಡಿ.

— ಧರ್ಮೋಪದೇಶ ತರಗತಿಯ ಶಿಕ್ಷಕ, ದಾವಣಗೆರೆ

ಚರಿತ್ರೆಯ ಬಗ್ಗೆ ಬಂದ ಪತ್ರಗಳಲ್ಲಿ ಇದು ನಮಗೆ ಹೆಚ್ಚು ಹಿಡಿಸಿತು.

ಅಕ್ಕಾ, ಕ್ರೈಸ್ತ ಪುಸ್ತಕ ಒಂದು ಕಪಾಟಿನಲ್ಲಿ, ಚರಿತ್ರೆ ಇನ್ನೊಂದರಲ್ಲಿ ಎಂದು ಏಕೆ ಇಡುತ್ತೀರಿ? ನಮ್ಮ ದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ತಿಬೇರಿಯಸರ ಬೆಳ್ಳಿ ನಾಣ್ಯಗಳು ಸಿಕ್ಕಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ನಡೆಸಿದ್ದರು. ತಿಬೇರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಲೂಕನ ಸುವಾರ್ತೆಯ 3ನೇ ಅಧ್ಯಾಯ ಶುರುವಾಗುವುದೇ ಅವನ ಆಳ್ವಿಕೆಯ ಹದಿನೈದನೆಯ ವರ್ಷದಿಂದ. ರೋಮನ್ ನಾಣ್ಯ ನೋಡಿ ಯೇಸು ಹೇಳಿದ ‘ಕೈಸರನದನ್ನು (ಚಕ್ರವರ್ತಿಯದನ್ನು) ಕೈಸರನಿಗೆ ಕೊಡಿ’ ಎಂಬ ಮಾತನ್ನು ಮಗಳು ಓದಿದ ವಾರವೇ ಚಂದ್ರವಳ್ಳಿಗೆ ಕರೆತನ್ನಿ. ಯೇಸುವಿನ ಕಾಲದ ದುಡ್ಡು ಈ ಕೆರೆಯ ಬದಿಯವರೆಗೂ ಬಂದಿತ್ತು ಎಂದು ತಿಳಿದ ಮಗು ಆ ಪುಟವನ್ನು ಮರೆಯದು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೂ ಹೋಗಿ. 1892ರಲ್ಲಿ ಬಿ.ಎಲ್. ರೈಸ್ ಅಲ್ಲಿನ ಅಶೋಕನ ಶಾಸನವನ್ನು ಗುರುತಿಸಿದರು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂದು ಅದರಲ್ಲಿದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರ ತನ್ನ ವೃತ್ತಿಯನ್ನು ಬಲದಿಂದ ಎಡಕ್ಕೆ ಓದುವ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ. ಮಕ್ಕಳಿಗೆ ರಾಜನಿಗಿಂತ ಅವನೇ ಇಷ್ಟವಾಗುತ್ತಾನೆ.

ಚರಿತ್ರೆಯ ಪುಸ್ತಕದ ಪ್ರಾಮಾಣಿಕತೆ ಅಳೆಯಲು ಒಂದು ಉಪಾಯವಿದೆ. ಪುಸ್ತಕದಲ್ಲಿ ‘ಎಂದು ಜನ ಹೇಳುತ್ತಾರೆ’, ‘ಶಾಸನದಲ್ಲಿದೆ’ ಎಂಬ ಎರಡೂ ಬಗೆಯ ಮಾತು ಇವೆಯೇ ನೋಡಿ. ಓಬವ್ವನ ಬಾಯಲ್ಲಿ ಪುಸ್ತಕಗಳು ಹಾಕುವ ಸಂಭಾಷಣೆ ಬರೆದವರ ಕಲ್ಪನೆ. ಅದನ್ನು ಮಗುವಿಗೆ ಹೇಳಿದರೆ ಓಬವ್ವನೇನೂ ಚಿಕ್ಕವಳಾಗುವುದಿಲ್ಲ. ಸಂತ ತೋಮ ಕ್ರಿ.ಶ. 52ರಲ್ಲಿ ಕೇರಳಕ್ಕೆ ಬಂದರೆಂಬುದು ಅಲ್ಲಿನ ಕ್ರೈಸ್ತರು ಕಾಪಾಡಿಕೊಂಡು ಬಂದ ಪರಂಪರೆ, ಪುಸ್ತಕವೂ ಹಾಗೆಂದೇ ಹೇಳಬೇಕು. 1779ರಲ್ಲಿ ದುರ್ಗವನ್ನು ಗೆದ್ದವನು ಹೈದರ್ ಅಲಿ. ಟಿಪ್ಪು ಎಂದು ಬರೆದವರ ಉಳಿದ ಇಸವಿಗಳನ್ನೂ ನಂಬುವ ಹಾಗಿಲ್ಲ.

— ಚರಿತ್ರೆಯ ವಿದ್ಯಾರ್ಥಿ, ಚಿತ್ರದುರ್ಗ

ಜೀವನಚರಿತ್ರೆಗಳ ಬಗ್ಗೆ ಇನ್ನೊಬ್ಬರು:

ಮಿಷನರಿಗಳ ಜೀವನಚರಿತ್ರೆಗಳಲ್ಲಿ ಪಕ್ಕದವರು ಮಾಯವಾಗಿಬಿಡುತ್ತಾರೆ. 1829ರ ಸತಿ ನಿಷೇಧವನ್ನು ವಿಲಿಯಂ ಕೇರಿಯೊಬ್ಬರೇ ತಂದಂತೆ ಬರೆದ ಪುಸ್ತಕದಲ್ಲಿ ರಾಮಮೋಹನ ರಾಯರ ಹೆಸರು ಎಷ್ಟು ಸಲ ಬಂದಿದೆ ಎಣಿಸಿ. ಕಿಟೆಲರನ್ನು ಇಂಗ್ಲಿಷಿನವರೆನ್ನುವುದು, ಅವರ 1894ರ ನಿಘಂಟನ್ನೇ ಮೊದಲನೆಯದೆನ್ನುವುದು ಸಾಮಾನ್ಯ ತಪ್ಪು. ಅವರು ಜರ್ಮನರು. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲೇ ಬಂದಿತ್ತು. ನಿಮ್ಮ ಮಗಳಿಗೆ ಪಂಡಿತಾ ರಮಾಬಾಯಿ (1858–1922) ಅವರ ಬದುಕನ್ನು ಓದಿಸಿ. ಸಂಸ್ಕೃತ ಕಲಿತ ಹುಡುಗಿ, ಬರಗಾಲದಲ್ಲಿ ಹೆತ್ತವರನ್ನು ಕಳೆದುಕೊಂಡವರು, 1889ರಲ್ಲಿ ವಿಧವೆಯರಿಗಾಗಿ ಶಾರದಾ ಸದನ ಎಂಬ ಶಾಲೆ ತೆರೆದವರು, ಇಡೀ ಬೈಬಲನ್ನು ಮರಾಠಿಗೆ ತಂದವರು. ಬರಗಾಲದ ಅಧ್ಯಾಯ ಕಠಿಣ, ಆ ದಿನ ಜೊತೆಗಿರಿ. ಯೇಸುವಿನ ಕೊನೆಯ ದಿನವನ್ನು ಕುರಿತ ಗೋವಿಂದ ಪೈಗಳ ಕಾವ್ಯ ‘ಗೊಲ್ಗೊಥಾ’ ಪ್ರೌಢಶಾಲೆ ಮುಗಿಯುವವರೆಗೆ ಕಾಯಲಿ. ಹಳಗನ್ನಡದ ಗತ್ತಿನ ಆ ಭಾಷೆ ಈಗ ಕೊಟ್ಟರೆ ಗೋಡೆಯಾಗುತ್ತದೆ.

— ಗ್ರಂಥಪಾಲಕಿ, ದಾವಣಗೆರೆ

ಕೊನೆಯದು ಬೈಂಡಿಂಗ್ ಕೆಲಸದವರೊಬ್ಬರ ಪತ್ರ.

ಮೇಡಂ, ಯಾವ ಪುಸ್ತಕವಾದರೂ ಸರಿ, ಗಮ್ ಬೈಂಡಿಂಗ್ ಇದ್ದರೆ ಮೊದಲ ದಿನವೇ ಪೂರ್ತಿ ಅಗಲಿಸಬೇಡಿ, ಬೆನ್ನು ಬಿರಿಯುತ್ತದೆ. ಬೆನ್ನನ್ನು ಮೇಜಿನ ಮೇಲೆ ನಿಲ್ಲಿಸಿ, ಎರಡೂ ರಟ್ಟು ಇಳಿಸಿ, ಆ ಕಡೆ ಹದಿನೈದು ಪುಟ, ಈ ಕಡೆ ಹದಿನೈದು ಪುಟ ಮೆಲ್ಲಗೆ ಒತ್ತುತ್ತ ನಡುವಿಗೆ ಬನ್ನಿ. ಹರಿದ ಹಾಳೆಗೆ ಸೆಲೋಟೇಪ್ ಬೇಡ, ಹಳದಿಯಾಗಿ ಅಂಟು ಒಸರುತ್ತದೆ. ತೆಳು ಕಾಗದದ ಪಟ್ಟಿಗೆ ತೆಳ್ಳಗೆ ಬಿಳಿ ಗಮ್ ಸವರಿ ಹಚ್ಚಿ. ನಮ್ಮ ಮೈದಾ ಗಂಜಿಗೆ ಹುಳು ಬೀಳದಿರಲೆಂದು ಮೈಲುತುತ್ತ ಬೆರೆಸುವ ರೂಢಿಯಿದೆ. ಅದು ವಿಷ, ಬೆರಳು ನೆಕ್ಕಿ ಪುಟ ತಿರುವುವ ಮಕ್ಕಳ ಪುಸ್ತಕಕ್ಕೆ ಹಾಕಬಾರದು.

— ದಾವಣಗೆರೆ

ಮಕ್ಕಳು ಓದಲೇಬಾರದ ಪುಸ್ತಕಗಳ ಪಟ್ಟಿಗಳನ್ನು ಕಳಿಸಿದ ಓದುಗರು ದಯವಿಟ್ಟು ಮನ್ನಿಸಬೇಕು. ಅವನ್ನು ಪ್ರಕಟಿಸುತ್ತಿಲ್ಲ.