1 ಟಿಬಿ ಡಿಸ್ಕ್ ಹಾಕಿದರೂ ಅರ್ಧ ಜಾಗ ಸಿಗುತ್ತಿಲ್ಲ, ಇದು ಬಗ್ಗಾ?

ಹಾಸನದವ:
ತೋಟದ ಲೆಕ್ಕವಿರುವ 500 ಜಿಬಿ ಡಿಸ್ಕನ್ನು ಡಿಡಿಯಲ್ಲಿ (ಡಿಸ್ಕನ್ನು ಇದ್ದ ಹಾಗೇ ನಕಲು ಮಾಡೋ ಲಿನಕ್ಸ್ ಕಮಾಂಡ್) ಹೊಸದಕ್ಕೆ ಕಾಪಿ ಮಾಡಿದೆ, ಲಿನಕ್ಸ್ ಬೂಟ್ ಆಗುತ್ತೆ, ಆದರೆ ಡಿಸ್ಕಿನ ಭಾಗಗಳನ್ನು ಹೊಂದಿಸೋ ಜಿಪಾರ್ಟೆಡ್ ತೆರೆದ ಕೂಡಲೇ ಪೂರ್ತಿ ಜಾಗ ಬಳಕೆಯಾಗಿಲ್ಲ, ಫಿಕ್ಸ್ ಮಾಡಲಾ ಅನ್ನುತ್ತೆ. ಒತ್ತೋಕೆ ಭಯ.

ಮೂಡಿಗೆರೆ ಮಳೆ:
ಬಗ್ ಅಲ್ಲ ಮಾರಾಯ್ರೇ. ಜಿಪಿಟಿ, ಅಂದರೆ ಡಿಸ್ಕಿನ ಭಾಗಗಳ ಪಟ್ಟಿ ಇಡೋ ವ್ಯವಸ್ಥೆ, ತನ್ನ ಟೇಬಲ್ಲಿನ ಇನ್ನೊಂದು ಪ್ರತಿಯನ್ನು ಡಿಸ್ಕಿನ ಕೊನೆಯಲ್ಲಿ ಇಡುತ್ತೆ. ನಿಮ್ಮದು ಹಳೇ ಕೊನೆಯಲ್ಲೇ, ಅಂದರೆ ಈಗ ನಡುಮಧ್ಯೆ ಕೂತಿದೆ, ಅಷ್ಟೇ. ಸುಮ್ನೆ ಫಿಕ್ಸ್ ಒತ್ತಿ.

ಸಕಲೇಶಪುರ ಘಾಟಿ:
ಮೊದಲು ಹಳೇ ಡಿಸ್ಕ್ ಕಿತ್ತು ಪಕ್ಕಕ್ಕಿಡಿ. ಎರಡಕ್ಕೂ ಒಂದೇ ಯುಯುಐಡಿ (ಲಿನಕ್ಸ್ ಗುರುತು ಹಿಡಿಯೋ ಸಂಖ್ಯೆ), ಯಾವುದು ಮೌಂಟ್ ಆಗುತ್ತೋ, ಅಂದರೆ ತೆರೆದುಕೊಳ್ಳುತ್ತೋ, ಹೇಳೋಕಾಗಲ್ಲ. ಮಳೆಗಾಲದ ಕರೆಂಟ್ ನಂಬಿ ರಿಸೈಜ್ (ಭಾಗವನ್ನು ಖಾಲಿ ಜಾಗಕ್ಕೆ ಹಿಗ್ಗಿಸೋದು) ಮಾಡಬೇಡಿ, ನಾನು ಒಮ್ಮೆ ಅತ್ತಿದ್ದೇನೆ.

ಹಾಸನದವ:
ಒತ್ತಿದೆ! ಕೊನೆಯಲ್ಲಿ 465 ಜಿಐಬಿ (ಸುಮಾರು 500 ಜಿಬಿ) ಖಾಲಿ ಜಾಗ ಬಂತು. ರಿಸೈಜ್ ನಾಳೆ, ಯುಪಿಎಸ್ ತಂದ ಮೇಲೆ.