ಹೆಸರು ನೋಡದೇ ಇದು ಇವರದ್ದೇ ಕೈ ಅಂತ ಹೇಗೆ ಹೇಳುತ್ತೀರಿ? ನಿಮಗಿಷ್ಟದ ಕಲಾವಿದರು ಯಾರು?

ಹೇಮಾವತಿ ದಂಡೆ (ಹಾಸನ):
ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸು, ಪುಸ್ತಕದ ಮಾರ್ಜಿನ್ ತುಂಬಾ ಚಿತ್ರ ಬರೆಯುತ್ತಾಳೆ. ಮೊನ್ನೆ ಅವಳು ಬರೆದ ಕಾಗೆ ನೋಡಿ ಡ್ರಾಯಿಂಗ್ ಮೇಷ್ಟ್ರು "ಚೆನ್ನಾಗಿದೆ, ಆದರೆ ನಿನ್ನದೇ ಶೈಲಿ ಬರಬೇಕು" ಅಂದರಂತೆ. ಮನೆಗೆ ಬಂದವಳೇ "ಅಮ್ಮ, ಶೈಲಿ ಅಂದ್ರೆ ಏನು?" ಅಂದಳು. ನಾನು ಅಂಗಡಿಯಲ್ಲಿ ಲೆಕ್ಕ ಬರೆಯುವವಳು, ನನಗೇನು ಗೊತ್ತು? "ಅವರವರ ಕೈಬರಹ ಇದ್ದ ಹಾಗೆ" ಅಂದು ತಪ್ಪಿಸಿಕೊಂಡೆ. "ಹಾಗಾದ್ರೆ ಕೈಬರಹ ಚೆನ್ನಾಗಿಲ್ಲ ಅಂತ ಇದಕ್ಕೂ ಮಾರ್ಕ್ಸ್ ಕಟ್ ಮಾಡ್ತಾರಾ?" ಅಂತ ಕೇಳಿದಳು.

ನಿಮಗೆ ಇಷ್ಟವಾದ ಕಲಾವಿದರು ಯಾರು, ಅವರ ಗುರುತು ಹೇಗೆ ಹಿಡಿಯುತ್ತೀರಿ, ಹೇಳಿ. ಪಿಕಾಸೊ, ಮೋನಾಲಿಸಾ ಬೇಡ, ಅವು ಅವಳ ಪುಸ್ತಕದಲ್ಲೇ ಇವೆ. ಭಾನುವಾರ ಕರೆದುಕೊಂಡು ಹೋಗಿ ತೋರಿಸುವಂಥದ್ದು ಹತ್ತಿರದಲ್ಲೇ ಇದ್ದರೆ ಇನ್ನೂ ಒಳ್ಳೆಯದು.

ಬ್ರಷ್ ಬಿಟ್ಟವನು (ಹಾಸನ):
ಮೇಡಂ, ಕೈಬರಹ ಅಂದಿದ್ದು ಸರಿಯಾಗೇ ಇದೆ. ನಾನು ಇಪ್ಪತ್ತು ವರ್ಷ ಅಂಗಡಿ ಬೋರ್ಡ್ ಬರೆದವನು, ಫ್ಲೆಕ್ಸ್ ಬಂದ ಮೇಲೆ ಬಿಟ್ಟೆ. ಆಗ ನಾವು ಐದಾರು ಜನ ಇದ್ದೆವು, ಬಸ್ಸಿನಲ್ಲಿ ಕೂತು ಹೋಗುವಾಗ ಒಂದು ಬೋರ್ಡ್ ಕಂಡರೆ ಸಾಕು, ಯಾರು ಬರೆದದ್ದು ಅಂತ ಹೇಳಿಬಿಡುತ್ತಿದ್ದೆ. ಒಬ್ಬನಿಗೆ ತಲೆಕಟ್ಟು ಎಳೆದು ಮುಗಿಸುವಾಗ ಬ್ರಷ್ ಒಂಚೂರು ಮೇಲೆತ್ತುವ ಚಾಳಿ. ಪ್ರತಿ ಅಕ್ಷರದ ಬಲಗಡೆ ಇಲಿಬಾಲದ ಹಾಗೆ ಒಂದು ತುದಿ ಏಳುತ್ತಿತ್ತು. ಹೇಳಿದರೆ "ಇಲ್ಲಪ್ಪ, ನಾನೆಲ್ಲಿ ಹಾಗೆ ಬರೀತೀನಿ" ಅಂತ ಜಗಳಕ್ಕೇ ಬರುತ್ತಿದ್ದ.

ನನ್ನ ದೇವರು ಕೆ.ಕೆ. ಹೆಬ್ಬಾರ್. 1911ರಲ್ಲಿ ಉಡುಪಿ ಹತ್ತಿರ ಕಟ್ಟಿಂಗೇರಿಯಲ್ಲಿ ಹುಟ್ಟಿದವರು. ಬಣ್ಣದ ಚಿತ್ರಗಳೂ ದೊಡ್ಡವೇ, ಆದರೆ ನಾನು ಸಾಯುವುದು ಅವರ ಗೆರೆಗೆ. ಕುಣಿಯುವವರ ಚಿತ್ರ ನೋಡಿ. ಮೂಗು, ಬೆರಳು ಯಾವುದನ್ನೂ ಪೂರ್ತಿ ಬರೆದಿರುವುದಿಲ್ಲ, ನಾಲ್ಕು ಗೆರೆ ಅಷ್ಟೇ, ಕಾಲು ನೆಲಕ್ಕೆ ಬಡಿದದ್ದು ಮಾತ್ರ ನಮಗೆ ಕೇಳಿಸುತ್ತದೆ. ಲಯ ಮೈಗೆ ಹತ್ತಲಿ ಅಂತ ಅವರು ಕಥಕ್ ಕೂಡ ಕಲಿತಿದ್ದರು. ಗೆರೆ ಎಳೆಯಲು ಡ್ಯಾನ್ಸ್ ಕ್ಲಾಸಿಗೆ ಹೋದವರು ಇನ್ಯಾರಿದ್ದಾರೆ ಹೇಳಿ!

ಕಾಗೆ ವಿಷಯಕ್ಕೆ ಬಂದರೆ ಆರ್.ಕೆ. ಲಕ್ಷ್ಮಣ್ ಬರೆದ ಕಾಗೆಗಳನ್ನು ತೋರಿಸಿ.

ಕಾಫಿ ಬೇಲಿ (ಚಿಕ್ಕಮಗಳೂರು):
ನನ್ನ ಓಟು ಕೆ. ವೆಂಕಟಪ್ಪನವರಿಗೆ. ಮೈಸೂರು ಅರಮನೆಯ ಚಿತ್ರಗಾರರ ಮನೆತನದವರು, ಕಲ್ಕತ್ತದಲ್ಲಿ ಅವನೀಂದ್ರನಾಥ ಟ್ಯಾಗೋರರ ಹತ್ತಿರ ಕಲಿತವರು. ಬೆಂಗಳೂರಿನಲ್ಲಿ ಅವರ ಹೆಸರಿನ ಗ್ಯಾಲರಿ ಇದೆಯಲ್ಲ, ಅಲ್ಲಿ ಊಟಿಯ ಜಲವರ್ಣಗಳನ್ನು ಮೊದಲ ಸಲ ನೋಡಿದಾಗ ನನಗೆ ನಮ್ಮ ತೋಟದ ಜುಲೈ ನೆನಪಾಯಿತು. ಮಂಜು ಬರೆಯುವುದು ಸುಲಭ ಅಂದುಕೊಳ್ಳುತ್ತಾರೆ, ಸುಮ್ನೆ ಬಿಳಿ ಬಳಿದರೆ ಆಯಿತು ಅಂತ. ಅಲ್ಲ. ನಮ್ಮಲ್ಲಿ ಮಂಜು ಇಳಿದರೆ ಸಿಲ್ವರ್ ಓಕಿನ ಬುಡ ಕಾಣುತ್ತದೆ, ತಲೆ ಕಾಣುವುದಿಲ್ಲ. ಹತ್ತು ನಿಮಿಷ ಬಿಟ್ಟು ತಲೆ ಕಾಣುತ್ತದೆ, ಬುಡ ಇರುವುದಿಲ್ಲ. ಆ ಹತ್ತು ನಿಮಿಷ ನಿಂತು ನೋಡಿದವನು ಮಾತ್ರ ಅಂಥ ಚಿತ್ರ ಬರೆಯುತ್ತಾನೆ. ನಾನೂ ಒಂದು ಸಲ ಪ್ರಯತ್ನಿಸಿದೆ. ಮಂಜಿನ ಬದಲು ಒಲೆಯ ಹೊಗೆ ಬಂತು.

ಗಾಡಿ ಇದ್ದರೆ ಸಾಕು (ಚನ್ನರಾಯಪಟ್ಟಣ):
ಎಲ್ಲರೂ ಕಾಗದದ ಮೇಲೇ ನಿಂತಿರಲ್ಲ! ಹಾಸನದವರು ಕಲ್ಲನ್ನು ಮರೆತರೆ ಹೇಗೆ? ಬೇಲೂರಿಗೆ ಹೋದವರೆಲ್ಲ ದರ್ಪಣ ಸುಂದರಿ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ, ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಯರಿಗೆ ಹೆಸರು ಹಾಕಿದ್ದಾರೆ ಅಂತ ಯಾರೂ ನೋಡುವುದಿಲ್ಲ. ಎಲ್ಲವನ್ನೂ ಜಕಣಾಚಾರಿ ತಲೆಗೆ ಕಟ್ಟಿ ಗಾಡಿ ಹತ್ತುತ್ತಾರೆ.

ನಿಮ್ಮ ಮಗಳ ಪ್ರಶ್ನೆಗೆ ಉತ್ತರ ಬೇಕಿದ್ದರೆ ಬೇಲೂರು ಬೇಡ, ನುಗ್ಗೇಹಳ್ಳಿಗೆ ಕರೆದುಕೊಂಡು ಹೋಗಿ. ಚನ್ನರಾಯಪಟ್ಟಣ ತಾಲ್ಲೂಕು, ತಿಪಟೂರು ಕಡೆ. 1246ರ ಲಕ್ಷ್ಮೀನರಸಿಂಹ ದೇವಸ್ಥಾನ. ಒಂದೇ ದೇವಸ್ಥಾನ, ಅದೇ ಬಳಪದ ಕಲ್ಲು, ಇಬ್ಬರು ರೂವಾರಿಗಳು. ದಕ್ಷಿಣದ ಗೋಡೆ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಬೈಚೋಜನ ದೇವರುಗಳು ಮದುವೆ ಮನೆಯ ಹಿರಿಯರ ಹಾಗೆ ನೆಟ್ಟಗೆ, ಗಂಭೀರವಾಗಿ ನಿಂತಿರುತ್ತಾರೆ, ಒಡವೆಯ ಒಂದು ಎಳೆಯೂ ತಪ್ಪಿರುವುದಿಲ್ಲ. ಈ ಕಡೆ ಬಂದರೆ ಮಲ್ಲಿತಮ್ಮ. ನಯ ಸ್ವಲ್ಪ ಕಮ್ಮಿ, ಅವಸರದ ಕೈ ಅನಿಸುತ್ತದೆ, ಆದರೆ ಮೂರ್ತಿಗಳು ಸುಮ್ಮನೆ ನಿಂತಿರುವುದಿಲ್ಲ. ನನಗೆ ಮಲ್ಲಿತಮ್ಮನೇ ಜಾಸ್ತಿ ಇಷ್ಟ. ನನ್ನ ಹೆಂಡತಿಗೆ ಬೈಚೋಜ. ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ರಾಜಿ ಆಗಿಲ್ಲ.

ಕಾಫಿ ಬೇಲಿ:
ಒಂದು ಅನುಮಾನ. ಮಲ್ಲಿತಮ್ಮ ನಮ್ಮ ತರೀಕೆರೆ ಕಡೆಯ ಅಮೃತಾಪುರದಲ್ಲೂ ಕೆಲಸ ಮಾಡಿದ್ದಾನೆ ಅಂತಾರೆ. ಅದು 1196. ನುಗ್ಗೇಹಳ್ಳಿ 1246. ಅದಾದ ಮೇಲೆ ಸೋಮನಾಥಪುರ ಬೇರೆ. ಐವತ್ತು ವರ್ಷ ದಾಟಿತಲ್ಲ ಸ್ವಾಮಿ, ಒಬ್ಬನೇ ಆಳಾ, ಅಥವಾ ಅಜ್ಜನ ಹೆಸರು ಮೊಮ್ಮಗನಿಗೆ ಇಟ್ಟಿದ್ದರಾ?

ಗಾಡಿ ಇದ್ದರೆ ಸಾಕು:
ಒಬ್ಬನೇ ಅಂತಲೇ ಹೇಳುತ್ತಾರೆ. ಹದಿನೈದಕ್ಕೇ ಉಳಿ ಹಿಡಿದಿದ್ದರೆ ಯಾಕಾಗಬಾರದು? ಸೋಮನಾಥಪುರಕ್ಕೆ ಬರುವ ಹೊತ್ತಿಗೆ ಪೂರ್ತಿ ಹೆಸರು ಕೆತ್ತುವುದಕ್ಕೂ ಬೇಜಾರಾಗಿತ್ತೋ ಏನೋ, ಕೆಲವು ಕಡೆ "ಮಲ್ಲಿ", ಕೆಲವು ಕಡೆ ಬರೀ "ಮ".

ಹೇಮಾವತಿ ದಂಡೆ:
ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ಅವಳು ಆಗಲೇ ಕಾಗೆಯ ಕೆಳಗೆ ತನ್ನ ಹೆಸರಿನ ಒಂದೇ ಅಕ್ಷರ ಬರೆದಿದ್ದಾಳೆ. ಭಾನುವಾರ ನುಗ್ಗೇಹಳ್ಳಿ ಅಂತ ತೀರ್ಮಾನ ಆಯಿತು. ಇಲಿಬಾಲದ ಬೋರ್ಡ್ ಈಗಲೂ ಎಲ್ಲಾದರೂ ಉಳಿದಿದೆಯಾ ಅಂತ ಕೇಳುತ್ತಿದ್ದಾಳೆ.

ಬ್ರಷ್ ಬಿಟ್ಟವನು:
ಒಂದಿದೆ, ಹಳೇ ಹಿಟ್ಟಿನ ಗಿರಣಿ ಬಾಗಿಲ ಮೇಲೆ, ಧೂಳು ಹಿಡಿದಿದೆ. ನೀವು ಹೊರಡುವ ಮುಂಚೆ ಜಾಗ ಹೇಳುತ್ತೇನೆ. ನುಗ್ಗೇಹಳ್ಳಿಗೆ ಟಾರ್ಚ್ ಮರೀಬೇಡಿ. ಎದುರಿಗೆ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಆಗ ಉಳಿ ಎಲ್ಲಿ ನಿಂತು ಎಲ್ಲಿ ತಿರುಗಿದೆ ಅಂತ ಕಾಣುತ್ತದೆ.